ಸಾವಂತ್ರಿಗೆ ಕೇಳಿಸುವ ಹಾಗೆ

ನಮ್ಮ ಊರಿನಲ್ಲಿ ಮೇಲೆ ನಿಂತವರಿಗೆ ಯಾರೂ ಕೆಟ್ಟ ಸುದ್ದಿ ಹೇಳುವುದಿಲ್ಲ. ಅವರು ಕೆಳಗಿಳಿದು, ಬಿಚ್ಚುಕಟ್ಟೆಯ ಮೇಲೆ ಕೂತು, ಕಾಲಿನ ಹಲಗೆಗಳ ಪಟ್ಟಿ ಬಿಚ್ಚಿ, ಎರಡೂ ಪಾದ ಗಟ್ಟಿ ನೆಲಕ್ಕೆ ಊರಿದ ಮೇಲೆಯೇ ಹೇಳಬೇಕು. ಮಗ ನಪಾಸಾದದ್ದು, ಹೆಣ್ಣು ನೋಡಿಕೊಂಡು ಹೋದವರು ಬೇಡವೆಂದದ್ದು, ಕರೆಯುವ ಹಸು ಸತ್ತದ್ದು, ಕಟ್ಟಿಕೊಂಡ ಗಂಡ ಸತ್ತದ್ದು, ಎಲ್ಲವನ್ನೂ ಆ ಕಲ್ಲುಕಟ್ಟೆ ಕೇಳಿಸಿಕೊಂಡಿದೆ. ನಮ್ಮ ಹೆಂಗಸರು ಹರಟೆಗೆಂದು ಅದರ ಮೇಲೆ ಎಂದೂ ಕೂರುವುದಿಲ್ಲ.

ಊರೆಂದರೆ ಎರಡು ಕೇರಿ, ಮೇಲುಕೇರಿ ಮತ್ತು ಕೆಳಕೇರಿ. ನಡುವೆ ವರ್ಷವಿಡೀ ಹಿಮ ಹೊದ್ದ ಇಳಿಜಾರು. ಹತ್ತುವುದಕ್ಕೆ ಹಗ್ಗದ ತೊಟ್ಟಿಲಿದೆ. ಇಳಿಯುವಾಗ ಅದು ಖಾಲಿಯೇ ಇಳಿಯಬೇಕು, ಆಳು ಕೂತರೆ ಅದರ ಓಟ ತಡೆಯಲಾಗುವುದಿಲ್ಲ. ಹಾಗಾಗಿ ಇಳಿಯುವುದೆಂದರೆ ಕಾಲಿಗೆ ಹಲಗೆ ಕಟ್ಟಿಕೊಂಡು ಜಾರುವುದು. ಹೊರಗಿನವರು ಇದಕ್ಕೆ ಸ್ಕೀ ಎನ್ನುತ್ತಾರಂತೆ, ರಜೆ ಹಾಕಿ ಬಂದು ಆಡುತ್ತಾರಂತೆ. ನಮಗೆ ಅದು ಸಂತೆಗೆ ಹೋಗುವ ದಾರಿ.

ಹೆದರಿದವರ ಕಾಲಡಿ ನಮ್ಮ ಹಿಮ ಗಾಜಾಗುತ್ತದೆ. ಪಕ್ಕದಲ್ಲೇ ಇಳಿಯುವವನಿಗೆ ಅಕ್ಕಿಹಿಟ್ಟಿನ ಹಾಗೆ ಮೆತ್ತಗಿರುವ ಜಾಗ ಹೆದರಿದವನ ಹಲಗೆ ತಾಗಿದ ಕೂಡಲೇ ಬಿಗಿದುಕೊಳ್ಳುತ್ತದೆ; ಹಲಗೆ ಕರಕರ ಎಂದು ಕಿರುಚಿ ಎತ್ತಲೋ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಮೇಲುಕೇರಿಯಲ್ಲಿ ಹೊರಟವರಿಗೆ ಜೋಪಾನ ಎನ್ನುವಂತಿಲ್ಲ, ಹುಷಾರು ಎನ್ನುವಂತಿಲ್ಲ. "ಬರ್ತಾ ಕೊತ್ತಂಬರಿ ಸೊಪ್ಪು ತಗೊಂಡ್ಬಾ" ಎನ್ನಬೇಕು. ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರು ಗಂಡ ಕೆಲಸಕ್ಕೆ ಹೊರಟಾಗ ಕಣ್ಣಲ್ಲಿ ನೀರು ತಂದುಕೊಂಡು ಅತ್ತೆಯ ಕೈಲಿ ಬೈಸಿಕೊಳ್ಳುತ್ತಾರೆ. ಆಮೇಲೆ ಅವರೂ ಕಲಿತು ಬಾಗಿಲಲ್ಲಿ ನಿಂತು ಕೊತ್ತಂಬರಿ ಎನ್ನುತ್ತಾರೆ. ಸತ್ತವರನ್ನು ಕೆಳಗಿನ ಮಸಣಕ್ಕೆ ಇಳಿಸುವಾಗ ಹೊತ್ತವರ ಕಾಲಡಿ ಹೇಗಾದರೂ ಇರಲಿ, ಚಟ್ಟ ನೆಲಕ್ಕಿಟ್ಟರೆ ಮಾತ್ರ ಹಿಮ ಬೆಣ್ಣೆ. ಅವರಿಗೆ ಇನ್ನು ಯಾವ ಭಯ?

ಕೆಳಗಿನಿಂದ ಸುದ್ದಿ ತರುವವನು ಹೊನ್ನಪ್ಪ. ಒಳ್ಳೆಯದಿರಲಿ ಕೆಟ್ಟದ್ದಿರಲಿ ಅವನ ಬಾಯಲ್ಲಿ ಒಂದೇ ಮಾತು, "ಕೆಳಗೆ ಬಂದ್ಹೋಗ್ಬೇಕಂತೆ." ಮೊಮ್ಮಗ ಹುಟ್ಟಿದ್ದಕ್ಕೂ ಅದೇ, ಅಪ್ಪ ತೀರಿಹೋದದ್ದಕ್ಕೂ ಅದೇ. ಸಾರಿಸಿದ ನೆಲದಂಥ ಮುಖ ಅವನದು, ನೋಡಿದವರಿಗೆ ಏನೂ ಸಿಗುವುದಿಲ್ಲ. ಆ ಕೆಲಸಕ್ಕೆ ಅವನನ್ನು ಆರಿಸಿದ್ದೇ ಆ ಮುಖ ನೋಡಿ.

ನನ್ನ ಹೆಸರು ಚಂಪಕ. ತೊಟ್ಟಿಲು ಮೇಲೆ ಬಂದು ನಿಲ್ಲುವ ಜಾಗದ ಎದುರಿಗೇ ನನ್ನ ಮೇಣದ ಅಂಗಡಿ, ಮನೆ ಕೆಳಕೇರಿಯಲ್ಲಿ. ಜೇನುಮೇಣಕ್ಕೆ ಹೊಂಗೆ ಎಣ್ಣೆ ಹಾಕಿ ಕಾಯಿಸಿ ಹಲಗೆಯ ಅಡಿಗೆ ಬಳಿಯುವುದು, ಹಲಗೆಯ ಅಂಚಿನ ಉಕ್ಕಿನ ಪಟ್ಟಿ ಮಸೆದುಕೊಡುವುದು ನನ್ನ ಕಸುಬು. ಬುದ್ಧಿ ಬಂದಾಗಿನಿಂದ ಜಾರಿದ್ದೇನೆ, ಬಸುರಿಯಾಗಿದ್ದಾಗಲೂ ಜಾರಿದ್ದೇನೆ, ತಲೆ ನರೆತ ಮೇಲೂ ಜಾರುತ್ತಿದ್ದೇನೆ. ಚಂಪಕ್ಕನಿಗೆ ಭಯ ಎನ್ನುವುದೇ ಗೊತ್ತಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಹೇಗೆ ಜಾರುತ್ತೇನೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ತಿರುವು ಬಂದಾಗ ಸೊಂಟ ಹಿಂದಕ್ಕೆ ಹಾಕಿ, ಕುರ್ಚಿಯಲ್ಲಿ ಕೂತವಳಂತೆ ಕೂತು, ಹಿಮ್ಮಡಿಯಿಂದ ಹಲಗೆಯ ಬಾಲವನ್ನು ಒದ್ದುಬಿಡುತ್ತಿದ್ದೆ. ಪ್ರತಿ ತಿರುವಿಗೂ ಸರಕ್ ಎಂದು ಸದ್ದು. ಕೆಳಕೇರಿಯ ಹೆಂಗಸರು ಒಲೆ ಮುಂದಿನಿಂದ ಏಳದೆಯೇ "ಮೇಣದ ಚಂಪಕ್ಕ ಬಂದ್ಳು" ಎನ್ನುತ್ತಿದ್ದರು. ಭಯವಿಲ್ಲದವರಿಗೆ ಹಿಮ ಮೆತ್ತಗಿರುತ್ತದೆ, ಹೇಗೆ ಒದ್ದರೂ ಸಹಿಸಿಕೊಳ್ಳುತ್ತದೆ. ಇಷ್ಟು ವರ್ಷ ನನ್ನನ್ನು ಕಾಪಾಡಿದ್ದು ನನ್ನ ಜಾಣತನವಲ್ಲ, ಹಿಮದ ದಾಕ್ಷಿಣ್ಯ ಎಂದು ಆಗ ಗೊತ್ತಿರಲಿಲ್ಲ.

ಹೋದ ವರ್ಷ ಅತ್ತೆ ತಿರುವಿನಲ್ಲಿ ಬಿದ್ದೆ. ದಾರಿ ಎಡಕ್ಕೆ ಹೊರಳುವ ಜಾಗ ಅದು, ಬಲಕ್ಕೆ ತಳ ಕಾಣದ ಕೊರಕಲು. ಏನು ಮಾಡಿದರೂ ತಪ್ಪು ಹುಡುಕುವ ತಿರುವೆಂದು ಹಿಂದಿನವರು ಇಟ್ಟ ಹೆಸರು. ಹೇಗೆ ಬಿದ್ದೆನೋ ತಿಳಿಯದು. ಕಣ್ಣು ಬಿಟ್ಟಾಗ ಒಂದು ಕಾಲು ಕೊರಕಲಿನ ಅಂಚಿನಿಂದ ಆಚೆಗಿತ್ತು, ಆ ಕಾಲಿನ ಹಲಗೆ ಇರಲಿಲ್ಲ. ಅದು ಬಂಡೆಯಿಂದ ಬಂಡೆಗೆ ಬಡಿದುಕೊಂಡು ಹೋಗುವ ಸದ್ದು ಬಹಳ ಹೊತ್ತು ಕೇಳಿ, ಕೊನೆಗೆ ಕೇಳದಾಯಿತು. ನಾನು ಎದ್ದು, ಸೀರೆ ಕೊಡವಿಕೊಂಡು, ಒಂಟಿ ಹಲಗೆಯಲ್ಲಿ ಕುಂಟುತ್ತ ಇಳಿದು ಮನೆಗೆ ಹೋದೆ. ಯಾರಿಗೂ ಹೇಳಲಿಲ್ಲ. ಮಾರನೆಯ ದಿನ ಅದೇ ತಿರುವಿಗೆ ಬಂದಾಗ ನನ್ನ ಕಾಲಡಿಯ ಹಿಮ ಜನ್ಮದಲ್ಲಿ ಮೊದಲ ಸಲ ಕರ್ ಎಂದಿತು.

ಅಂದಿನಿಂದ ಅತ್ತೆ ತಿರುವಿನಲ್ಲಿ ನನಗೆ ದಿನಾ ಕೆಮ್ಮು. ಜೊತೆಯಲ್ಲಿ ಬರುವವರಿಗೆ ಕರಕರ ಕೇಳಿಸಬಾರದಲ್ಲ, ಅದಕ್ಕೆ ಎದೆಯಿಂದ ಎಳೆದು ಎಳೆದು ಕೆಮ್ಮುತ್ತಿದ್ದೆ. ತೊಟ್ಟಿಲಿನ ಹಗ್ಗ, ರಾಟೆ ನೋಡಿಕೊಳ್ಳುವ ನನ್ನ ತಮ್ಮ ಸೋಮಲಿಂಗ ಕಷಾಯ ಮಾಡಿಕೊಟ್ಟ. ಅವನ ಹೆಂಡತಿ ಸಾವಂತ್ರಿ ಎದೆಗೆ ಹಚ್ಚಲು ಕರ್ಪೂರದ ಎಣ್ಣೆ ತಂದುಕೊಟ್ಟಳು. ಇಬ್ಬರ ಮುಂದೆಯೂ ನಾಚಿಕೆಯಾಗುತ್ತಿತ್ತು. ಆದರೆ ಮೇಣದ ಅಂಗಡಿಯವಳೇ ಹೆದರಿದಳೆಂದು ಊರಿಗೆ ತಿಳಿದರೆ? ನನ್ನ ಮೇಣ ಬಳಿದುಕೊಂಡು ಹೋಗುವವರ ಕಾಲಡಿಯೂ ಗಾಜಾಗುತ್ತಿತ್ತು.

ಹೀಗಿರುವಾಗ ಪದ್ದಣ್ಣ ಹಲಗೆ ಮಸೆಸಲು ಬಂದರು. ಪದ್ಮನಾಭಯ್ಯ ಅವರ ಪೂರ್ತಿ ಹೆಸರು, ಶಾಲೆಯಲ್ಲಿ ಗುಮಾಸ್ತರಾಗಿದ್ದವರು. ಊರಿಗೆ ಅವರು ಗಾಜಿನ ಪದ್ದಣ್ಣ. ಹುಟ್ಟಾ ಪುಕ್ಕಲು ಮನುಷ್ಯ. ಗುಡುಗಿಗೆ ಹೆದರುತ್ತಾರೆ, ಹುಂಜಕ್ಕೆ ಹೆದರುತ್ತಾರೆ, ಹೆಂಡತಿಯ ಅಣ್ಣನಿಗೆ ಹೆದರುತ್ತಾರೆ. ಇಳಿಜಾರಿನ ಮೇಲೆ ಬಿಸಿಲು ಬಿದ್ದಾಗ ಫಳಫಳ ಹೊಳೆಯುವ ಗೆರೆ ಕಂಡರೆ ಅದು ಅವರು ಇಳಿದ ದಾರಿ ಎಂದು ಮಕ್ಕಳೂ ಹೇಳುತ್ತವೆ. ನಾನೂ ಎಷ್ಟೋ ಸಲ ನಕ್ಕಿದ್ದೇನೆ. ಆ ದಿನ ಅವರ ಹಲಗೆಯ ಅಂಚು ಮಸೆಯುತ್ತಿದ್ದಾಗ ನನಗೆ ಒಂದು ವಿಷಯ ತಟ್ಟನೆ ಹೊಳೆಯಿತು. ಈ ಮನುಷ್ಯ ಆಯುಷ್ಯವೆಲ್ಲ ಗಾಜಿನ ಮೇಲೇ ಇಳಿದಿದ್ದಾರೆ, ಆದರೆ ಅವರು ಬಿದ್ದದ್ದನ್ನು ಯಾರೂ ನೋಡಿಲ್ಲ.

"ಪದ್ದಣ್ಣಾರೇ, ನೀವು ಬೀಳೋದೇ ಇಲ್ವಲ್ಲ, ಅದು ಹೇಗೆ?" ಎಂದೆ.

ಅವರು ಆಚೀಚೆ ನೋಡಿ, "ಮೆಲ್ಲಗೆ ಮಾತಾಡಿ. ಬೀಳೋಕೆ ಧೈರ್ಯ ಬೇಕು ಚಂಪಕ್ಕ, ಅದು ನನ್ನತ್ರ ಇಲ್ಲ" ಎಂದರು.

"ನಂಗೆ ಹೇಳ್ಕೊಡ್ತೀರಾ?"

"ನಿಮಗಾ?" ಎಂದು ನಗಲು ಹೊರಟವರು ನನ್ನ ಮುಖ ನೋಡಿ ನಿಲ್ಲಿಸಿದರು. ಹೆದರಿದವರ ಮುಖ ಅವರಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು. "ಯಾವಾಗಿಂದ?" ಎಂದರು. ಅಷ್ಟು ಕೇಳಿದ್ದೇ ತಡ, ಕೈಯಲ್ಲಿ ಮಸೆಗಲ್ಲು ಹಿಡಿದುಕೊಂಡೇ ನಾನು ಗೊಳೋ ಎಂದು ಅತ್ತುಬಿಟ್ಟೆ.

ಬೆಳಿಗ್ಗೆ ಬೇಗ, ಶಾಲೆಯ ಹಿಂದಿನ ಪುಟ್ಟ ದಿಬ್ಬದ ಮೇಲೆ, ಯಾರೂ ಏಳುವ ಮೊದಲು ಪಾಠ ಶುರುವಾಯಿತು. ಇಷ್ಟು ವಯಸ್ಸಾದ ಮೇಲೆ ನಿಂತುಕೊಳ್ಳುವುದರಿಂದ ಕಲಿಯಬೇಕಾಯಿತು. ಕಲಿಯದವರಿಗೆ ಕಲಿಸುವುದು ಸುಲಭ, ನಿಮಗೆ ಮೊದಲು ಬಂದಿರೋದನ್ನ ಬಿಡಿಸಬೇಕಲ್ಲ ಎಂದು ಪದ್ದಣ್ಣ ದಿನಾ ಗೊಣಗುತ್ತಿದ್ದರು. "ಹೆದರಬೇಡಿ ಅಂತ ಊರೆಲ್ಲಾ ಹೇಳುತ್ತೆ. ನಾನು ಹೇಳಲ್ಲ, ನಂಗೇ ಆಗಿಲ್ಲ ಅದು. ಹೆದರಿ, ಚೆನ್ನಾಗಿ ಹೆದರಿ. ಆದ್ರೆ ಹಿಂದಕ್ಕೆ ಕೂತ್ಕೊಂಡು ಹೆದರಬೇಡಿ ತಾಯಿ, ಮುಂದಕ್ಕೆ ಬಾಗಿ ಹೆದರಿ."

ಗಾಜಿಗೆ ಹಲಗೆಯ ಹೊಟ್ಟೆ ತೋರಿಸಿದರೆ ಜಾರಿಸುತ್ತದೆ, ಅಂಚು ತೋರಿಸಿದರೆ ಹಿಡಿಯುತ್ತದೆ ಎನ್ನುವುದು ಅವರ ಪಾಠದ ಸಾರ. ಬಾಲ ಒದೆಯಬಾರದು. ಎರಡೂ ಹಲಗೆ ಓರೆ ಮಾಡಿ, ತಿರುವಿನ ಹೊರಗಿನ ಕಾಲಿನ ಮೇಲೆ ಭಾರವೆಲ್ಲ ಬಿಟ್ಟು, ಕಾಯಬೇಕು. ಹಲಗೆ ತಾನಾಗಿ ತಿರುಗುತ್ತದೆ. ಆಗ ಉಕ್ಕಿನ ಅಂಚು ಗಾಜನ್ನು ಕೆರೆಯುವುದಿಲ್ಲ, ಕೊಯ್ಯುತ್ತದೆ, ಕೊಯ್ದರೆ ಸದ್ದಿಲ್ಲ. ಕೇಳಲು ಎಷ್ಟು ಚಂದ! ಕೊರಕಲು ಬಲಕ್ಕಿರುವಾಗ ಬಲಗಾಲಿನ ಮೇಲೆಯೇ ಭಾರ ಬಿಡಬೇಕು, ಎದೆಯನ್ನು ಕೊರಕಲಿನ ಕಡೆಗೇ ಕೊಡಬೇಕು. ನನ್ನ ಮೈಯ ಒಂದೊಂದು ಎಲುಬೂ ಆಗುವುದಿಲ್ಲ ಎನ್ನುತ್ತಿತ್ತು. ಕಾಯುವುದಂತೂ ಪ್ರಾಣಸಂಕಟ. ಹಲಗೆ ತಿರುಗಲು ತೆಗೆದುಕೊಳ್ಳುವ ಆ ಒಂದು ಗಳಿಗೆ ಎಷ್ಟು ಉದ್ದವೆಂದು ಒದ್ದು ತಿರುಗಿಸುವವರಿಗೆ ಗೊತ್ತಿಲ್ಲ.

ನಾನು ಹಿಂದಕ್ಕೆ ವಾಲುತ್ತೇನೋ ಇಲ್ಲವೋ ನೋಡಲು ಪದ್ದಣ್ಣ ಒಂದು ಉಪಾಯ ಮಾಡಿದ್ದರು. ಬೂಟಿನ ನಾಲಿಗೆಗೂ ಮೊಣಕಾಲಿನ ಕೆಳಗಿನ ಎಲುಬಿಗೂ ನಡುವೆ ಒಂದೊಂದು ವೀಳ್ಯದೆಲೆ ಇಡಿಸುತ್ತಿದ್ದರು. ಮುಂದಕ್ಕೆ ಬಾಗಿ ಇಳಿದರೆ ಎಲೆ ಅರೆದು ಚಟ್ನಿಯಾಗಬೇಕು. ಇಳಿದ ಮೇಲೆ ಅವರು ಎಲೆ ತೆಗೆಸಿ, ಬೆಳಕಿಗೆ ಹಿಡಿದು, "ಹಸುರು ಹಸುರಾಗೇ ಇದೆ. ನಾಳೆ ಬನ್ನಿ" ಎನ್ನುವರು. ಹಾಳು ಮಾಡಬಾರದೆಂದು ಅದೇ ಎಲೆಯನ್ನು ಪಂಚೆಗೆ ಒರೆಸಿ, ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಳ್ಳುವರು. ಹುಂಜಕ್ಕೆ ಹೆದರುವ ಮನುಷ್ಯನಿಗೆ ಇದಕ್ಕೆ ಮಾತ್ರ ಹೆದರಿಕೆಯಿರಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ದಿಬ್ಬದ ಮೇಲೆ ಎಲೆ ಅರೆಯಿತು. ತಿರುವು ಸದ್ದಿಲ್ಲದೆ ಬಂತು, ಸದ್ದಿಲ್ಲದೆ ಹೋಯಿತು. ಎಷ್ಟು ಸಂತೋಷವಾಯಿತೆಂದರೆ ಪದ್ದಣ್ಣನ ಕಾಲಿಗೆ ಬಿದ್ದೆ, ಅವರು ಹೆದರಿ ಹಿಂದಕ್ಕೆ ಹಾರಿದರು. ಆದರೆ ಅದು ದಿಬ್ಬದ ಮಾತು. ದೊಡ್ಡ ಇಳಿಜಾರಿನಲ್ಲಿ, ನಾಲ್ಕು ಜನರ ಎದುರಿಗೆ ಹೊಸ ರೀತಿಯಲ್ಲಿ ಇಳಿಯಲು ನನಗೆ ಧೈರ್ಯವಾಗಲಿಲ್ಲ. ಏನಾಗಿದೆ ನಿನಗೆ ಎಂದು ಕೇಳುತ್ತಾರಲ್ಲ. ಹಗಲೆಲ್ಲ ಹಳೆಯ ಹಾಗೆ ಸರಕ್ ಸರಕ್ ಎಂದೇ ಇಳಿಯುತ್ತಿದ್ದೆ, ಅತ್ತೆ ತಿರುವಿನಲ್ಲಿ ಕೆಮ್ಮುತ್ತಿದ್ದೆ.

ಆ ಮಧ್ಯಾಹ್ನ ನಾನು ಮೇಣ ಕಾಯಿಸುತ್ತಿದ್ದೆ. ತೊಟ್ಟಿಲು ಮೇಲೆ ಬಂತು, ಹೊನ್ನಪ್ಪ ಇಳಿದ. ಯಾರ ಮನೆಗೆ ಹೋಗುತ್ತಾನೋ ಎಂದು ನೋಡುತ್ತಿದ್ದರೆ ನೆಟ್ಟಗೆ ನನ್ನ ಅಂಗಡಿಯೊಳಕ್ಕೆ ಬಂದು ಬಾಗಿಲು ಮುಂದೆ ಮಾಡಿದ. ಮುಖ ಎಂದಿನಂತೆಯೇ ಇತ್ತು. ಅಂಗಿಯ ತೋಳು ಮಾತ್ರ ಮೊಣಕೈವರೆಗೆ ರಕ್ತ.

"ಹೊನ್ನಪ್ಪಾ, ಏನೋ ಇದು?"

"ಇದನ್ನ ಹಾಕ್ಕೊಂಡು ನಾನು ಸಾವಂತ್ರಮ್ಮನ ಮುಂದೆ ಹೆಂಗೆ ಹೋಗ್ಲಿ? ನೀನೇ ಹೋಗಿ ಹೇಳಕ್ಕ, ಕೆಳಗೆ ಬಂದ್ಹೋಗ್ಬೇಕಂತೆ ಅಂತ." ತೋಳನ್ನು ಬೆನ್ನ ಹಿಂದೆ ಮರೆಮಾಡಿಕೊಂಡ. "ಸೋಮಣ್ಣ ಕೆಳಗಿನ ಕಂಬದ ರಾಟೆಗೆ ಎಣ್ಣೆ ಹಾಕ್ತಿದ್ದ. ಕಾಲು ಸಿಕ್ಕಾಕ್ಕೊಂಡ್ತು. ಮೊಣಕಾಲಿಂದ ಕೆಳಗೆ ಏನೂ ಉಳಿದಿಲ್ಲ ಕಣಕ್ಕ. ತೆಗೀದಿದ್ರೆ ಜೀವ ಹೋಗುತ್ತೆ ಅಂತಾರೆ ಡಾಕ್ಟ್ರು. ಇವ್ನು ಪ್ರಜ್ಞೆ ತಪ್ಪಿಸೋ ಮದ್ದು ಮೂಸಲ್ಲ, ಸಾವಂತ್ರಿ ಬರ್ಲಿ ಅಂತ ಹಟ ಮಾಡ್ತಾವ್ನೆ. ರಕ್ತ ನಿಲ್ತಿಲ್ಲ."

ನಾನು ನಿಂತಿದ್ದೆ. ಜನ್ಮದಲ್ಲಿ ಯಾವ ಕೆಟ್ಟ ಸುದ್ದಿಯನ್ನೂ ನಾನು ನಿಂತುಕೊಂಡು ಕೇಳಿರಲಿಲ್ಲ. ಎಲ್ಲಿ ಕೂರಬೇಕು, ಏನನ್ನು ಬಿಚ್ಚಬೇಕು ಎಂದೇ ತಿಳಿಯಲಿಲ್ಲ. ನನ್ನ ಒಬ್ಬನೇ ತಮ್ಮ.

"ಮೇಲೆ ನಿಂತು ಹೇಳ್ಬಿಟ್ಯಲ್ಲೋ" ಎಂದೆ.

"ನಿಂಗೆ ಅಂತ ಹೇಳ್ದೆ ಅಕ್ಕ. ನಿಂಗೆ ಭಯ ಇಲ್ವಲ್ಲ. ಬೇರೆ ಯಾರಿಗೆ ಹೇಳ್ಲಿ? ಅವ್ಳು ಒಬ್ಳೇ ಬಂದ್ರೆ ಏನೇನೋ ಯೋಚ್ನೆ ಮಾಡ್ಕೊಂಡು ಬರ್ತಾಳೆ. ನೀನು ಮುಂದೆ ಇಳಿ, ಮಾತಾಡಿಸ್ತಾ ಕರ್ಕೊಂಡ್ಬಾ. ಬೇಗ."

ಉಣ್ಣೆ ಹಿಂಜುವ ಮನೆಯಲ್ಲಿ ಸಾವಂತ್ರಿ ತಲೆಯೆಲ್ಲ ಬಿಳಿ ನೂಲಾಗಿ ಕೂತಿದ್ದಳು. ಅವಳನ್ನು ಕಂಡಾಗ ಮುಖಕ್ಕೆ ಎಲ್ಲಿಂದ ನಗು ತಂದುಕೊಂಡೆನೋ. "ಕೆಳಗೆ ಬಂದ್ಹೋಗ್ಬೇಕಂತೆ ಕಣೆ. ನಂಗೂ ಅಂತೆ, ನಿಂಗೂ ಅಂತೆ" ಎಂದೆ.

"ಇಬ್ಬರಿಗೂ ಅಂದ್ರೆ ಯಾರದೋ ಮದುವೆ ಗೊತ್ತಾಗಿರಬೇಕು" ಎಂದು ಎದ್ದಳು. ತಲೆಯ ಉಣ್ಣೆ ಕೊಡವಿಕೊಳ್ಳುತ್ತ, "ಹೊನ್ನಪ್ಪ ಎಲ್ಲಿ?" ಎಂದಳು.

"ಅವನಿಗೆ ಕಾಫಿ ಕೊಟ್ಟು ಕೂರಿಸಿ ಬಂದಿದೀನಿ."

ಸಾವಂತ್ರಿಯ ವಿಷಯ ಹೇಳಬೇಕು. ಅವಳು ಜಾರುವುದು ಅಷ್ಟಕ್ಕಷ್ಟೆ. ಧೈರ್ಯ ಇರುವವರೆಗೆ ಚೆನ್ನಾಗಿ ಇಳಿಯುತ್ತಾಳೆ, ಎಲ್ಲರ ಹಾಗೆ. ಗಾಜಿನ ಮೇಲೆ ಒಂದು ಮಾರು ದೂರವೂ ಅವಳು ನಿಲ್ಲಲಾರಳು. ನನ್ನ ಹಲಗೆ ಒಂದು ಸಲ ಕರಕರ ಎಂದರೂ ಸಾಕು. ಭಯವಿಲ್ಲದ ಅತ್ತಿಗೆಯೇ ಯಾಕೆ ಹೆದರಿದಳು ಎಂದು ಯೋಚಿಸುತ್ತಾಳೆ, ಹೊನ್ನಪ್ಪ ಯಾಕೆ ಬರಲಿಲ್ಲ ಎಂದು ಯೋಚಿಸುತ್ತಾಳೆ, ಅಷ್ಟರಲ್ಲಿ ಅತ್ತೆ ತಿರುವು ಬಂದಿರುತ್ತದೆ. ಕೆಳಗೆ ಒಬ್ಬನ ಕಾಲು ಹೋಗಿದೆ. ದಾರಿಯಲ್ಲಿ ಇನ್ನೊಬ್ಬಳ ಜೀವ ಹೋದರೆ ನಾನು ತಮ್ಮನಿಗೆ ಏನು ಹೇಳಲಿ?

ಹಲಗೆ ಕಟ್ಟಿಕೊಂಡೆ. ಮುಖ ಕಾಣದ ಹಾಗೆ ಬಗ್ಗಿ, ಪಟ್ಟಿಯನ್ನು ಬೈಯುತ್ತ ಬಿಗಿದೆ. ಬೆಳಿಗ್ಗೆ ಪಾಠಕ್ಕೆ ಇಟ್ಟ ವೀಳ್ಯದೆಲೆಗಳು ಇನ್ನೂ ಬೂಟಿನಲ್ಲೇ ಇದ್ದವು. ಆ ದಿನ ಅವು ಹಸುರಾಗೇ ಇದ್ದದ್ದನ್ನು ಇಣುಕಿ ನೋಡಿ, ಪದ್ದಣ್ಣ ಬೇಸರದಿಂದ ತೆಗೆಸದೆಯೇ ಹೋಗಿದ್ದರು.

"ನಾನು ಮುಂದೆ ಹೋಗ್ತೀನಿ, ನೀನು ಹಿಂದೆ ಬಾ" ಎಂದೆ.

ಮೊದಲ ಅಡಿಗೇ ಹಿಮ ಬಿಗಿದುಕೊಂಡಿತು. ಅಂಗಾಲಿಗೆ ಗೊತ್ತಾಯಿತು. ದೊಡ್ಡ ಇಳಿಜಾರಿನ ಉದ್ದಕ್ಕೂ ನನ್ನ ಮುಂದೆ ಗಾಜು ಕಾದಿತ್ತು. ಹಿಂದಕ್ಕೆ ಕೂತುಬಿಡು ಎಂದು ಸೊಂಟ ಕೇಳಿತು, ಒದೆ ಎಂದು ಹಿಮ್ಮಡಿ ಕೇಳಿತು. ನಾನು ಮುಂದಕ್ಕೆ ಬಾಗಿದೆ. ಮೊದಲನೆಯ ತಿರುವು ಬಂತು. ಹಲಗೆ ಓರೆ ಮಾಡಿದೆ, ಹೊರಗಿನ ಕಾಲಿಗೆ ಭಾರ ಬಿಟ್ಟೆ, ಕಾದೆ. ಸೋಮ ಚಿಕ್ಕವನಿದ್ದಾಗ ನನ್ನ ಸೆರಗು ಹಿಡಿದುಕೊಂಡೇ ಜಾರಲು ಕಲಿತದ್ದು ನೆನಪಿಗೆ ಬಂತು, ಅದನ್ನು ಆಚೆಗೆ ನೂಕಿದೆ. ಹಲಗೆ ತಿರುಗಿತು. ಒಂದಿಷ್ಟೂ ಸದ್ದಾಗಲಿಲ್ಲ.

"ರಾತ್ರಿ ಏನು ಸಾರು ಮಾಡ್ತೀಯೇ ಸಾವಂತ್ರಿ?" ಎಂದು ಕೂಗಿದೆ.

ಇನ್ನೊಂದು ತಿರುವು ದಾಟಿದೆ. ಆಮೇಲೆ, "ಹುರುಳಿಕಾಳು ನೆನೆಹಾಕಿದೀನಿ" ಎಂದಳು. ಮತ್ತೆ ಒಂದು ಗಳಿಗೆ ಬಿಟ್ಟು, "ಅತ್ತಿಗೆ, ಒಂದೇ ಸಮ ಹೋಗು. ನಿನ್ನ ಹಿಂದೇನೇ ಬರ್ತೀನಿ."

"ಬಾ ಬಾ. ಹುರುಳಿಸಾರಿಗೆ ಬೆಳ್ಳುಳ್ಳಿ ಜಾಸ್ತಿ ಹಾಕ್ಬೇಕು."

ಏನು ಮಾತಾಡಿದೆನೋ ನನಗೇ ತಿಳಿಯದು. ಬೆಳ್ಳುಳ್ಳಿ, ಉಣ್ಣೆಯವರ ಜಗಳ, ಪಕ್ಕದ ಮನೆಯ ಬೆಕ್ಕು. ಬಾಯಿ ತನ್ನಷ್ಟಕ್ಕೆ ಆಡುತ್ತಿತ್ತು, ಕಿವಿ ಹಿಂದಿತ್ತು, ಜೀವವೆಲ್ಲ ಕಾಲಿನ ಅಂಚಿನಲ್ಲಿತ್ತು. ಹಿಂದಿನಿಂದ ಕರಕರ ಕೇಳುತ್ತದೆಯೇ ಎಂದು ಆಲಿಸುತ್ತಲೇ ಇದ್ದೆ. ಕೇಳಲಿಲ್ಲ. ದೇವರು ದೊಡ್ಡವನು, ಇವಳಿಗೆ ಗೊತ್ತಾಗಿಲ್ಲ, ಇವಳ ಕಾಲಡಿ ಇನ್ನೂ ಹಿಟ್ಟಿನಂಥ ಹಿಮವೇ ಇದೆ ಎಂದುಕೊಂಡೆ. ಹಿಂದಿರುಗಿ ನೋಡುವಂತಿರಲಿಲ್ಲ, ನೋಡಿದರೆ ಭಾರ ತಪ್ಪುತ್ತಿತ್ತು.

ಅತ್ತೆ ತಿರುವು ಬಂತು. ಕೊರಕಲು ಬಾಯಿ ತೆರೆದುಕೊಂಡೇ ಇತ್ತು. ಕೆಮ್ಮು ಗಂಟಲಿಗೆ ಬಂತು, ಅದನ್ನು ನುಂಗಿದೆ. ಆ ಕೊರಕಲಿನ ತಳದಲ್ಲಿ ನನ್ನ ಹಳೆಯ ಹಲಗೆ ಬಿದ್ದಿದೆ ಎಂದು ಗೊತ್ತಿದ್ದೂ ಎದೆಯನ್ನು ಅದಕ್ಕೇ ಕೊಟ್ಟೆ, ಬಲಗಾಲಿನ ಮೇಲೆ ಇದ್ದಬದ್ದ ಭಾರವನ್ನೆಲ್ಲ ಬಿಟ್ಟೆ. ಮುಂದಕ್ಕೆ ಬಾಗಿ ಹೆದರಿ ಎಂದು ಪದ್ದಣ್ಣ ಹೇಳಿದ ಹಾಗೆ, ಅಷ್ಟು ಚೆನ್ನಾಗಿ ನಾನು ಯಾವತ್ತೂ ಹೆದರಿರಲಿಲ್ಲ. ಕಾದೆ. ಹಲಗೆ ತಿರುಗಲಿಲ್ಲ. ಇನ್ನೂ ಕಾದೆ. ಕೊರಕಲಿನ ಅಂಚಿನ ಕಲ್ಲುಗಳು ಒಂದೊಂದಾಗಿ ಕಾಣಿಸಿದವು. ಆಗ ಹಲಗೆ ಹಿಡಿದು, ಬಾಗಿ, ನನ್ನನ್ನು ಎಡಕ್ಕೆ ಹೊರಳಿಸಿ ಕೆಳಗಿನ ದಾರಿಗೆ ಹಾಕಿತು. ಹಿಂದೆ ಸಾವಂತ್ರಿಯ ಉಸಿರು ಮಾತ್ರ ಕೇಳುತ್ತಿತ್ತು.

ಬಿಚ್ಚುಕಟ್ಟೆಯ ಹತ್ತಿರ ನಾನು ನಿಲ್ಲುವುದಕ್ಕೂ ಅವಳು ನನ್ನನ್ನು ದಾಟಿ ಹೋಗಿ ಕೂರುವುದಕ್ಕೂ ಸರಿಹೋಯಿತು. ಪಟ್ಟಿ ಬಿಚ್ಚಿದಳು. ಎರಡೂ ಪಾದಗಳನ್ನು ನೆಲಕ್ಕೆ ಊರಿದಳು. ಆಮೇಲೆ ತಲೆಯೆತ್ತಿ, "ಈಗ ಹೇಳು. ಜೀವ ಇದೆಯಾ?" ಎಂದಳು.

"ಇದೆ. ಹೊನ್ನಪ್ಪ ಹೊರಟಾಗ ಇತ್ತು. ಕಾಲು ಹೋಯ್ತು ಕಣೆ, ಡಾಕ್ಟ್ರು ತೆಗೀಬೇಕಂತೆ. ನೀನು ಬರೋತನಕ ಮದ್ದು ಮೂಸಲ್ಲ ಅಂತ ಹಟ ಹಿಡಿದಿದಾನಂತೆ. ನಿಂಗೆ ಯಾರೇ ಹೇಳಿದ್ದು?"

"ನೀನೇ." ಅವಳು ನನ್ನ ಹಲಗೆಗಳತ್ತ ಕೈ ತೋರಿಸಿದಳು. "ಇಷ್ಟು ವರ್ಷದಿಂದ ನಿನ್ನ ಹಿಂದೆ ಇಳಿದಿದೀನಿ. ಒಂದು ದಿನ ನಿನ್ನ ಹಲಗೆ ಬಾಯಿ ಮುಚ್ಚಿದ್ದು ಇಲ್ಲ. ಇವತ್ತು ಮೊದಲನೇ ತಿರುವಲ್ಲಿ ಸದ್ದೇ ಬರಲಿಲ್ಲ. ಕೆಮ್ಮೂ ಬರಲಿಲ್ಲ. ಆಗ್ಲೇ ಗೊತ್ತಾಯ್ತು, ಅವರಿಗೇ ಏನೋ ಆಗಿದೆ ಅಂತ."

"ಮತ್ತೆ ನೀನು... ನಿನ್ನ ಕಾಲಡಿ..."

"ಗಾಜಾಯ್ತು. ಹೋದೆ ಅಂತ್ಲೇ ಅಂದ್ಕೊಂಡೆ. ಮುಂದೆ ನೋಡಿದ್ರೆ ನಿನ್ನ ಹಲಗೆ ಗಾಜಲ್ಲಿ ಎರಡು ಗೆರೆ ಕೊಯ್ದಿತ್ತು, ಹೊಲಿಗೆ ಹಾಕ್ದಂಗೆ ನೆಟ್ಟಗೆ. ಅದರೊಳಗೆ ನನ್ನ ಹಲಗೆ ಇಟ್ಕೊಂಡು ಬಂದೆ. ಅದು ಎಲ್ಲಿ ಹೋಯ್ತೋ ಅಲ್ಲಿ." ಎದ್ದು ನಿಂತವಳು ಒಂದು ಸಲ ನನ್ನ ತೋಳು ಗಟ್ಟಿಯಾಗಿ ಹಿಡಿದು ಬಿಟ್ಟಳು. ಆಮೇಲೆ ಡಾಕ್ಟರ ಮನೆಯ ಕಡೆಗೆ ಓಡಿದಳು.

ನಾನು ಆ ಕಲ್ಲುಕಟ್ಟೆಯ ಮೇಲೆ ಒಬ್ಬಳೇ ಕೂತು ಬೂಟು ಬಿಚ್ಚಿದೆ. ವೀಳ್ಯದೆಲೆಗಳು ಎರಡೂ ಅರೆದು ಕಾಲಿಗೆ ಮೆತ್ತಿಕೊಂಡಿದ್ದವು. ಇಷ್ಟು ದಿನ ಕಷ್ಟಪಟ್ಟು ಕಲಿತದ್ದು ಮುಚ್ಚಿಡಲಿಕ್ಕೆಂದು, ಮುಚ್ಚಿಡುವ ಉಪಯೋಗಕ್ಕೆ ಮಾತ್ರ ಅದು ಬರಲಿಲ್ಲ. ಕೈಯಿಂದ ಕಾಲು ಒರೆಸಿಕೊಳ್ಳುತ್ತ ಅತ್ತೆ.

ಸೋಮ ಬದುಕಿದ. ಒಂದು ಕಾಲು ಮೊಣಕಾಲಿನವರೆಗೆ ಇದೆ. ಇನ್ನು ಅವನು ಮೇಲುಕೇರಿಗೆ ಹತ್ತುವ ಹಾಗಿಲ್ಲ, ಹತ್ತಿದರೆ ಇಳಿಯುವುದು ಹೇಗೆ? ಕೆಳಕೇರಿಯಲ್ಲಿ ಮನೆ ಮಾಡಿಕೊಟ್ಟಿದ್ದೇವೆ. ಇಡೀ ದಿನ ಬಿಚ್ಚುಕಟ್ಟೆಯ ಪಕ್ಕ ಕುರ್ಚಿ ಹಾಕಿಕೊಂಡು, ಇಳಿದು ಬಂದವರ ಪಟ್ಟಿ ಬಿಚ್ಚುತ್ತ, ಅವರನ್ನು ರೇಗಿಸುತ್ತ ಕೂತಿರುತ್ತಾನೆ. ಅವನ ಗಾಯ ಇನ್ನೂ ಪೂರ್ತಿ ಮಾಯ್ದಿಲ್ಲ. ಒಂದೊಂದು ದಿನ ಇದ್ದಕ್ಕಿದ್ದಂತೆ ಜ್ವರ ಏರುತ್ತದೆ, ಡಾಕ್ಟರು ಮುಖ ಸಣ್ಣ ಮಾಡುತ್ತಾರೆ. ಸಾವಂತ್ರಿಯ ಕೆಲಸ ಮಾತ್ರ ಮೇಲೆಯೇ. ಬೆಳಿಗ್ಗೆ ಅವನನ್ನು ಬಿಟ್ಟು ತೊಟ್ಟಿಲು ಹತ್ತುತ್ತಾಳೆ, ಸಂಜೆ ನನ್ನ ಜೊತೆ ಇಳಿಯುತ್ತಾಳೆ. ನಡುವೆ ಅವನಿಗೆ ಏನಾದರೂ ಆದರೆ ಹೊನ್ನಪ್ಪ ಮೊದಲು ಬರುವುದು ನನ್ನ ಅಂಗಡಿ ಮುಂದಕ್ಕೆ.

ಮತ್ತೆ ಕೆಲಸಕ್ಕೆ ಬಂದ ಮೊದಲ ದಿನವೇ ಅವಳು ಹಲಗೆ ಕಟ್ಟಿಕೊಳ್ಳುತ್ತ ಹೇಳಿದಳು. "ಅತ್ತಿಗೆ, ನನ್ನ ಜೊತೆ ಬರುವಾಗ ಸದ್ದು ಮಾಡ್ಕೊಂಡು ಬಾ. ನಿಂಗೆ ಭಯ ಆಗಿದ್ರೆ ಕರಕರ ಅಂತಲೇ ಬಾ, ನಂಗೇನೂ ಆಗಲ್ಲ. ಮುಚ್ಚಿಟ್ಕೊಂಡು ಮಾತ್ರ ಬರಬೇಡ."

"ಹಂಗಾದ್ರೆ ಏನಾದ್ರೂ ಆದ ದಿನ?"

"ಆ ದಿನ ಸದ್ದು ಮಾಡ್ದೆ ಬಾ. ನಂಗೆ ಗೊತ್ತಾಗುತ್ತೆ. ಗೆರೆ ಮಾತ್ರ ಚೆನ್ನಾಗಿ ಹಾಕು."

ಮೊನ್ನೆ ನಾನು ಇಳಿಯುವುದನ್ನು ಪದ್ದಣ್ಣ ನೋಡಿಬಿಟ್ಟರು. ಮಾರನೆಯ ದಿನ ಅಂಗಡಿಗೆ ಬಂದು, "ಏನು ಚಂಪಕ್ಕ, ಸೊಂಟ ಹಿಂದಕ್ಕೆ, ಬಾಲಕ್ಕೆ ಒದೆ! ನಾನು ಇಷ್ಟು ದಿನ ಯಾರಿಗೆ ಹೇಳ್ಕೊಟ್ಟೆ?" ಎಂದು ಹಣೆ ಚಚ್ಚಿಕೊಂಡರು. ವಿಷಯ ಹೇಳಿದೆ. ಅವರು ಹಣೆಯಿಂದ ಕೈ ತೆಗೆದು, "ಬೆಳಿಗ್ಗೆ ಪಾಠ ಬಿಡಬೇಡಿ ಹಾಗಾದ್ರೆ" ಎಂದರು. ಬಿಟ್ಟಿಲ್ಲ. ಶಾಲೆಯ ಹಿಂದಿನ ದಿಬ್ಬದ ಮೇಲೆ ದಿನಾ ಸದ್ದಿಲ್ಲದೆ ತಿರುಗುತ್ತೇನೆ. ಆ ಪಾಠ ಯಾವತ್ತೂ ಉಪಯೋಗಕ್ಕೆ ಬಾರದಿರಲಿ ಎಂದು ತಿರುವಿಗೊಂದು ಸಲ ಬೇಡಿಕೊಳ್ಳುತ್ತೇನೆ.

ಹಗಲೆಲ್ಲ ತೊಟ್ಟಿಲು ಮೇಲೆ ಬಂದಾಗಲೆಲ್ಲ ಹೊನ್ನಪ್ಪನ ಅಂಗಿಯ ತೋಳು ನೋಡುತ್ತೇನೆ. ಅವನು ಇನ್ಯಾರದೋ ಮನೆಯ ಕಡೆಗೆ ತಿರುಗಿದ ಮೇಲೆ ಉಸಿರು ಬಿಡುತ್ತೇನೆ. ಸಂಜೆ ಸಾವಂತ್ರಿ ಬರುತ್ತಾಳೆ, ನನ್ನ ಮುಖ ನೋಡುವುದಿಲ್ಲ, ಏನೂ ಕೇಳುವುದಿಲ್ಲ. ಹಲಗೆ ಕಟ್ಟಿಕೊಂಡು ನನ್ನ ಹಿಂದೆ ನಿಲ್ಲುತ್ತಾಳೆ. ಮೊದಲನೆಯ ತಿರುವು ಬರುವವರೆಗೆ ಅವಳ ಉಸಿರೂ ಕೇಳಿಸುವುದಿಲ್ಲ. ನಾನು ಸೊಂಟ ಹಿಂದಕ್ಕೆ ಹಾಕಿ, ಹಿಮ್ಮಡಿ ಎತ್ತಿ, ಅವಳಿಗೆ ಕೇಳಿಸುವ ಹಾಗೆ ಬಾಲವನ್ನು ಜೋರಾಗಿ ಒದೆಯುತ್ತೇನೆ. ಸರಕ್.

"ರಾತ್ರಿ ಏನು ಸಾರು ಅತ್ತಿಗೆ?" ಎಂದು ಹಿಂದಿನಿಂದ ಸಾವಂತ್ರಿ ಕೇಳುತ್ತಾಳೆ.